ನಂಜಿನ ಪದಾರ್ಥಗಳೂ ಸಸ್ಯಗಳ ಆತ್ಮರಕ್ಷಣೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗಳಲ್ಲಿ "ನಂಜು" ಎಂಬ ಮಾತನ್ನು ಆಡದ ಮನೆಯೇ ಇಲ್ಲವೆನ್ನಬಹುದು. ಬದನೆಕಾಯಿ ನಂಜು, ಗಾಯವಾದವನಿಗೆ ಅದನ್ನು ಬಡಿಸಕೂಡದೆನ್ನುವರು. ಕಡಲೆಕಾಯಿ ತಿಂದ ಮಗುವಿನ ಮೈಮೇಲೆ ದದ್ದುಗಳೆದ್ದರೆ ಅದೂ ನಂಜು. ಬೂಷ್ಟು ಹಿಡಿದ ಕೊಬ್ಬರಿಯನ್ನು ತಿಂದು ಹೊಟ್ಟೆ ತೊಳಸಿದರೆ ಅದೂ ನಂಜೇ. ಈ ಮಾತನ್ನು ಹಳ್ಳಿಯವರ ಮೌಢ್ಯವೆಂದು ನಗುವವರು ಪಟ್ಟಣಗಳಲ್ಲಿ ಬಹಳ ಮಂದಿ ಇರುವರು. ಅವರ ನಗೆ ಸರಿಯಲ್ಲ. ಹಿಂದಿನವರು ಕಣ್ಣಾರೆ ಕಂಡದ್ದನ್ನೇ ಆ ಮಾತಿನಲ್ಲಿ ಕಟ್ಟಿಟ್ಟಿರುವರು. ಆದರೆ ಒಂದು ತೊಡಕುಂಟು. ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಸಂಗತಿಗಳು ಆ ಒಂದೇ ಮಾತಿನೊಳಗೆ ಸೇರಿಹೋಗಿವೆ. ತಿನ್ನುವವನ ಶರೀರವು ನಿರಪಾಯವಾದ ಆಹಾರವನ್ನು ಶತ್ರುವೆಂದು ತಪ್ಪಾಗಿ ತಿಳಿಯುವುದು ಒಂದು. ಆಹಾರದಲ್ಲಿಯೇ ವಿಷವಿರುವುದು ಮತ್ತೊಂದು. ಏನೂ ಇಲ್ಲದಿದ್ದರೂ ಕೇಳಿದ ಮಾತಿನಿಂದ ಬಂದ ಅಂಜಿಕೆ ಮೂರನೆಯದು. ಇವುಗಳಿಗೆ ಮಾಡತಕ್ಕ ಪ್ರತೀಕಾರಗಳು ಬೇರೆ ಬೇರೆ. ಊರಿನ ಮುಖಂಡರೂ ತೋಟಗಳ ಒಡೆಯರೂ ಈ ಭೇದವನ್ನು ಅರಿತುಕೊಂಡರೆ ಮಕ್ಕಳ ಪ್ರಾಣಕ್ಕೂ ತೆಂಗಿನ ವ್ಯಾಪಾರಕ್ಕೂ ಅನುಕೂಲವಾಗುವುದು.

ಮೊದಲು ಬದನೆಕಾಯಿಯ ವಿಷಯ. ಈ ನಂಜಿನ ಮಾತನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರು ದೂರದೇಶದವರಲ್ಲ, ಮೈಸೂರಿನವರೇ. ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವೈ. ಪಿ. ವೆಂಕಟೇಶರೂ ಅವರ ಜೊತೆಗಾರರೂ ವೈದ್ಯರ ಸಹಾಯದಿಂದ 741 ಮಂದಿಯನ್ನು ಪರೀಕ್ಷಿಸಿ, ತಮ್ಮ ಫಲಿತಾಂಶವನ್ನು 2008ರಲ್ಲಿ ಪ್ರಕಟಿಸಿದರು. ಬದನೆಗೆ ಒಂದಲ್ಲ ಒಂದು ವಿಧದಲ್ಲಿ ಸಂವೇದನೆಯುಳ್ಳವರು ನೂರಕ್ಕೆ ಸುಮಾರು 9 ಮಂದಿ ಕಂಡುಬಂದರು; ಅವರಲ್ಲಿ ಹೆಂಗಸರೇ ಹೆಚ್ಚು. ನಿಜವಾದ ಅಲರ್ಜಿಯುಳ್ಳವರಾದರೋ ನೂರಕ್ಕೆ ಒಬ್ಬರಿಗೂ ಕಡಮೆ. ಉಳಿದವರ ನವೆಗೆ ಬದನೆಯಲ್ಲಿ ಸಹಜವಾಗಿರುವ ಹಿಸ್ಟಮಿನ್ ಮೊದಲಾದ ಪದಾರ್ಥಗಳು ಕಾರಣವಾಗಿರಬಹುದು. ಆದ್ದರಿಂದ ಅಜ್ಜಿಯ ಮಾತು ಪೂರ್ತಿ ಸುಳ್ಳೂ ಅಲ್ಲ, ಎಲ್ಲರಿಗೂ ಅನ್ವಯಿಸುವ ನಿಯಮವೂ ಅಲ್ಲ. ಬದನೆ ತಿಂದು ಏನೂ ಆಗದವನು ಅದನ್ನು ಬಿಡಬೇಕಾದ ಕಾರಣವಿಲ್ಲ.

ಅದೇ ಗುಂಪಿನವರು 2017ರಲ್ಲಿ ಮತ್ತೊಂದು ಸಂಗತಿಯನ್ನು ಹೊರಗಿಟ್ಟರು. ಬದನೆಯನ್ನು ಹೆಚ್ಚಿಟ್ಟರೆ ಕೆಲವು ನಿಮಿಷಗಳಲ್ಲಿಯೇ ಹೋಳು ಕಂದುಬಣ್ಣಕ್ಕೆ ತಿರುಗುವುದನ್ನೂ, ಹಾಗಾಗದಿರಲೆಂದು ಮನೆಯ ಹೆಂಗಸರು ಹೋಳುಗಳನ್ನು ನೀರಿಗೆ ಹಾಕುವುದನ್ನೂ ಎಲ್ಲರೂ ಬಲ್ಲರು. ಆ ಬಣ್ಣಕ್ಕೆ ಕಾರಣವಾದ ಕಿಣ್ವಕ್ಕೆ ಪಾಲಿಫಿನಾಲ್ ಆಕ್ಸಿಡೇಸ್ ಎಂದು ಹೆಸರು. ಬದನೆಯ ಮುಖ್ಯವಾದ ಅಲರ್ಜಿಕಾರಕಗಳಲ್ಲಿ ಅದೂ ಒಂದೆಂದು ಗೊತ್ತಾಯಿತು. ಗಿಡವು ಈ ಪದಾರ್ಥವನ್ನು ಮನುಷ್ಯನನ್ನು ಪೀಡಿಸಲು ಇಟ್ಟುಕೊಂಡಿಲ್ಲ. ಹುಳು ಕಚ್ಚಿದ ಜಾಗದಲ್ಲಿ ಗಾಳಿ ತಾಗಿದೊಡನೆ ಈ ಕಿಣ್ವವು ಕೆಲಸಮಾಡಿ, ಗಾಯವನ್ನು ಹುಳುವಿಗೂ ಬೂಷ್ಟಿಗೂ ಒಗ್ಗದಂತೆ ಮಾಡುವುದು. ಎಂದರೆ ಅದು ಗಿಡದ ಕಾವಲುಗಾರ.

ಇಲ್ಲಿಂದ ವಿಷಯವು ಸಸ್ಯಶಾಸ್ತ್ರಜ್ಞರ ಪ್ರಯೋಗಶಾಲೆಗೆ ಹೊರಳುವುದು. ಗಿಡಕ್ಕೆ ಓಡಲು ಕಾಲಿಲ್ಲ, ಹೊಡೆಯಲು ಕೈಯಿಲ್ಲ. ಮಣ್ಣಿನಲ್ಲಿಯೂ ಗಾಳಿಯಲ್ಲಿಯೂ ಇರುವ ಅಸಂಖ್ಯಾತ ಸೂಕ್ಷ್ಮಜೀವಿಗಳ ನಡುವೆ ಅದು ನಿಂತ ಕಡೆಯಲ್ಲಿಯೇ ಬದುಕಬೇಕು. ಕೆಲವು ಸೂಕ್ಷ್ಮಜೀವಿಗಳೊಡನೆ ಅದು ಸ್ನೇಹ ಮಾಡುವುದು. ಹುರುಳಿ, ಅವರೆ, ಕಡಲೆಕಾಯಿಗಳ ಬೇರಿನ ಗಂಟುಗಳಲ್ಲಿ ವಾಸಿಸಿ ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾಡಿಕೊಡುವ ಅಣುಜೀವಿಗಳು ಇಂಥವು. ಮತ್ತೆ ಕೆಲವು ಹಗೆಗಳು. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗಕ್ಕೆ ಒಂದು ಶಿಲೀಂಧ್ರ ಕಾರಣವೆಂಬುದನ್ನು 1910ರಲ್ಲಿ ವಿವರಿಸಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಗಳಲ್ಲಿ ಬಳಕೆಗೆ ತಂದದ್ದು ಹಿರಿಯರಿಗೆ ತಿಳಿದ ವಿಷಯವೇ.

ಹಗೆಯು ಮೇಲೆ ಬಿದ್ದಾಗ ಗಿಡದ ಒಳಗೆ ಏನು ನಡೆಯುವುದೆಂಬುದು ಬಹುಕಾಲ ತಿಳಿದಿರಲಿಲ್ಲ. 1970ರಲ್ಲಿ ಯೂರೋಪಿನ ಸಸ್ಯಶಾಸ್ತ್ರಜ್ಞರು, ಸೋಂಕು ತಗಲಿದ ಹೊಗೆಸೊಪ್ಪಿನ ಎಲೆಗಳಲ್ಲಿ, ಆರೋಗ್ಯವಾದ ಎಲೆಗಳಲ್ಲಿ ಕಾಣದ ಹೊಸ ಸಸಾರಜನಕಗಳು, ಎಂದರೆ ಪ್ರೋಟೀನುಗಳು, ಹುಟ್ಟಿಕೊಳ್ಳುವುದನ್ನು ಕಂಡರು. ರೋಗ ಬಂದಾಗ ಗಿಡವೇ ತಯಾರಿಸಿಕೊಳ್ಳುವ ಆಯುಧಗಳಿವು. ಇವುಗಳಲ್ಲಿ ಕೆಲವು ಬೂಷ್ಟಿನ ಮೈಗೋಡೆಯನ್ನೇ ಕರಗಿಸತಕ್ಕವು. ಕೆಲವು ಎಣ್ಣೆಯ ಅಂಶವನ್ನು ಹೊತ್ತು ಸಾಗಿಸತಕ್ಕವು. ಆಮೇಲೆ 1989ರಲ್ಲಿ ಆಸ್ಟ್ರಿಯಾ ದೇಶದ ಹೈಮೋ ಬ್ರೈಟೆನೆಡರ್ ಮತ್ತು ಅವರ ಸಂಗಡಿಗರು ಒಂದು ವಿಚಿತ್ರವನ್ನು ಪ್ರಕಟಿಸಿದರು. ಯೂರೋಪಿನಲ್ಲಿ ವಸಂತಕಾಲ ಬಂದಿತೆಂದರೆ ಲಕ್ಷಾಂತರ ಜನರಿಗೆ ಸೀನೂ ಕಣ್ಣುರಿಯೂ ಬರುವುವು. ಅದಕ್ಕೆ ಕಾರಣ ಒಂದು ಭೂರ್ಜವೃಕ್ಷದ ಪರಾಗ. ಹಿಂದೆ ಹಿಮಾಲಯದ ಸೀಮೆಯಲ್ಲಿ ಗ್ರಂಥಗಳನ್ನು ಬರೆಯುತ್ತಿದ್ದ ಭೂರ್ಜಪತ್ರದ ಮರಕ್ಕೆ ಅದು ದಾಯಾದಿ. ಆ ಪರಾಗದಲ್ಲಿ ಪೀಡೆಯನ್ನುಂಟುಮಾಡುವ ಸಸಾರಜನಕದ ಬೀಜಗುಣವನ್ನು ಓದಿ ನೋಡಿದರೆ, ಬಟಾಣಿ ಗಿಡವು ರೋಗದೊಡನೆ ಹೋರಾಡುವಾಗ ತಯಾರಿಸುವ ಸಸಾರಜನಕಕ್ಕೂ ಅದಕ್ಕೂ ಬಹುಮಟ್ಟಿಗೆ ಹೋಲಿಕೆಯಿತ್ತು! ಸೇಬಿನಲ್ಲಿಯೂ ಅದರ ಬಂಧುವೊಂದುಂಟು. ಆದಕಾರಣವೇ ಭೂರ್ಜದ ಪರಾಗ ಒಗ್ಗದ ಅನೇಕರಿಗೆ ಹಸಿ ಸೇಬನ್ನು ಕಚ್ಚಿದೊಡನೆ ಬಾಯಿ ನವೆಯಾಗುವುದು. ಅದೇ ಸೇಬನ್ನು ಬೇಯಿಸಿ ಕೊಟ್ಟರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಏಕೆಂದರೆ ಈ ಸಸಾರಜನಕವು ಬಿಸಿಗೆ ಕೆಡತಕ್ಕದ್ದು. ಹಾಗೆಯೇ ರಬ್ಬರಿನ ಕೈಗವಸು ಒಗ್ಗದವರಲ್ಲಿ ಕೆಲವರಿಗೆ ಬಾಳೆಹಣ್ಣೂ ಒಗ್ಗದು. ಬೂಷ್ಟನ್ನು ಕರಗಿಸುವ ಒಂದು ಬಗೆಯ ಕಿಣ್ವದ ಹೋಲಿಕೆ ಅಲ್ಲಿಯ ಕಾರಣಗಳಲ್ಲೊಂದು.

ಇದನ್ನು ಕೇಳಿದ ಕೆಲವರು, ಗಿಡಗಳಿಗೆ ರೋಗನಿರೋಧಶಕ್ತಿ ಹೆಚ್ಚಿದಷ್ಟೂ ಊಟ ವಿಷವಾಗುವುದೆಂದು ಹೆದರಿಸಲು ಹೊರಡುವರು. ಹಾಗೆ ಭಾವಿಸುವುದಕ್ಕೆ ಆಧಾರವಿಲ್ಲ. ರಕ್ಷಣೆಯ ಸಸಾರಜನಕಗಳನ್ನು ಮನುಷ್ಯನು ಮೊದಲಿನಿಂದಲೂ ದಿನದಿನವೂ ತಿಂದು ಅರಗಿಸಿಕೊಂಡೇ ಬಂದಿರುವನು. ಹೊಸ ತಳಿಗಳನ್ನು ನಿರ್ಮಿಸುವವರು ಮಾತ್ರ ಈ ವಿಷಯದಲ್ಲಿ ಜಾಗರೂಕರಾಗಿರಬೇಕು. ಬ್ರೆಜಿಲ್ ದೇಶದ ಒಂದು ಬೀಜದ ಗುಣವನ್ನು ಸೋಯಾ ಅವರೆಗೆ ಸೇರಿಸಿದಾಗ, ಆ ಬೀಜ ಒಗ್ಗದವರಿಗೆ ಹೊಸ ಸೋಯಾ ಕೂಡ ಒಗ್ಗದೆಂದು 1996ರಲ್ಲಿ ಪರೀಕ್ಷೆಯಿಂದ ತಿಳಿದುಬಂದು, ಆ ತಳಿಯನ್ನು ಮಾರುಕಟ್ಟೆಗೆ ತಾರದೆ ಕೈಬಿಟ್ಟರು. ಪರೀಕ್ಷೆಯೆಂಬುದು ಇರುವುದೇ ಇದಕ್ಕಾಗಿ.

ತೆಂಗಿನ ತೋಟದವರಿಗೆ ಈ ಶಾಸ್ತ್ರದ ಮತ್ತೊಂದು ಮುಖವೇ ಹೆಚ್ಚು ಹತ್ತಿರ. ಈ ಸೀಮೆಯಲ್ಲಿ ಅಣಬೆರೋಗವು ಎಷ್ಟು ಮರಗಳನ್ನು ನುಂಗುತ್ತಿರುವುದೆಂಬುದನ್ನು ಬುಡದಿಂದ ಕಂದುರಸ ಸೋರುವ ಮರಗಳೇ ಹೇಳುವುವು. ಸತ್ತ ಮರದ ಬೊಡ್ಡೆಯನ್ನು ಕೀಳದೆ ಬಿಟ್ಟು, ಅದರ ಮೇಲೆ ಅಣಬೆ ಅರಳಿದ್ದನ್ನು ನೋಡಿಯೂ ನೋಡದಂತೆ ಇರುವುದು ನೆರೆಯವನ ತೋಟಕ್ಕೂ ಮಾಡುವ ದ್ರೋಹವೆಂದು ಹೇಳದೆ ವಿಧಿಯಿಲ್ಲ. ರೋಗದ ಮರದ ಸುತ್ತ 2 ಅಡಿ ಆಳ, 1 ಅಡಿ ಅಗಲದ ಕಾಲುವೆಯನ್ನು ತೋಡಿ ಬೇರುಗಳ ಸಂಪರ್ಕವನ್ನು ಕಡಿಯುವುದು, ಮರವೊಂದಕ್ಕೆ ವರುಷಕ್ಕೆ 5 ಕಿಲೋ ಬೇವಿನ ಹಿಂಡಿಯೊಡನೆ 50 ಗ್ರಾಂ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರವನ್ನು ಸೇರಿಸಿ ಪಾತಿಗೆ ಕೊಡುವುದು, ಇವು ಪ್ರಚಾರದಲ್ಲಿರುವ ಕ್ರಮಗಳು. ಟ್ರೈಕೋಡರ್ಮವು ಹಗೆಯ ಶಿಲೀಂಧ್ರವನ್ನು ತಾನೇ ತಿನ್ನುವುದಲ್ಲದೆ, ಸಸ್ಯದ ಬೇರನ್ನು ಮುಟ್ಟಿ ಅದರ ಸ್ವಂತ ಕಾವಲುಗಾರರನ್ನೂ ಎಚ್ಚರಿಸುವುದು. ಮೇಲೆ ಹೇಳಿದ ಹೊಗೆಸೊಪ್ಪಿನ ಎಲೆಯ ಆಯುಧಗಳ ಜಾತಿಯವೇ ಈ ಕಾವಲುಗಾರರು. ಒಂದೇ ಪಾತಿಗೆ ಒಂದೇ ವಾರದಲ್ಲಿ ಬೋರ್ಡೋ ದ್ರಾವಣವನ್ನೂ ಟ್ರೈಕೋಡರ್ಮವನ್ನೂ ಸುರಿದು, "ಎರಡೂ ಹಾಕಿದೆವು, ಆದರೂ ಗುಣವಿಲ್ಲ" ಎನ್ನುವವರುಂಟು. ತಾಮ್ರವು ಶತ್ರುವಿನೊಡನೆ ಮಿತ್ರನನ್ನೂ ಕೊಲ್ಲುವುದೆಂಬುದನ್ನು ಅವರು ಮರೆತಿರುವರು.

ಇನ್ನು ಮಕ್ಕಳ ವಿಷಯ. ಅಲರ್ಜಿ ಎಂಬ ಶಬ್ದವನ್ನು 1906ರಲ್ಲಿ ವಿಯೆನ್ನಾ ನಗರದ ವೈದ್ಯ ಪಿರ್ಕೆ ಎಂಬಾತನು ಹುಟ್ಟಿಸಿದನು. ಶರೀರದ ರಕ್ತದಲ್ಲಿ ಹಗೆಗಳನ್ನು ಗುರುತಿಸುವ ಕಾವಲು ಪದಾರ್ಥಗಳಿರುವುವು. ಅವುಗಳಲ್ಲೊಂದು ಬಗೆ ಕೆಲವರಲ್ಲಿ ಕಡಲೆಕಾಯಿ, ಹಾಲು, ಸಿಗಡಿ ಮೊದಲಾದವುಗಳನ್ನು ಹಗೆಯೆಂದು ತಪ್ಪಾಗಿ ತಿಳಿದು ಕೂಗೆಬ್ಬಿಸುವುದೇ ಈ ವ್ಯಾಧಿ. ಗಿಡದ ಕಾವಲುಗಾರನನ್ನು ಮನುಷ್ಯನ ಕಾವಲುಗಾರನು ಕಳ್ಳನೆಂದು ಹಿಡಿದಂತೆ ಎನ್ನಬಹುದು. ಇದು ಎಲ್ಲರಿಗೂ ಬರತಕ್ಕದ್ದಲ್ಲ. ಬಂದವನಿಗೆ ಮಾತ್ರ ತುತ್ತಿನ ಲೆಕ್ಕವಿಲ್ಲ. ಬೇರೊಬ್ಬನು ಬೊಗಸೆ ತಿಂದು ಸುಖವಾಗಿರುವಲ್ಲಿ ಇವನಿಗೆ ಒಂದು ಕಾಳೇ ಸಾಕಾಗಬಹುದು. ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಗಳೊಳಗಾಗಿ ದದ್ದು, ತುಟಿಯ ಬಾವು, ವಾಂತಿ ಕಾಣಿಸುವುವು. ಉಬ್ಬಸ ಬಂದರೆ, ಧ್ವನಿ ಕಟ್ಟಿದರೆ, ಮಗು ಮಂಕಾಗಿ ಕುಸಿದರೆ ಅದು ಪ್ರಾಣಾಪಾಯದ ಚಿಹ್ನೆ.

ಇಂಥ ವೇಳೆಯಲ್ಲಿ ಹಳ್ಳಿಗಳಲ್ಲಿ ನಡೆಯುವುದೇನು? ನಂಜು ಇಳಿಯಲೆಂದು ಮನೆಮದ್ದು ಅರೆಯುವುದರಲ್ಲಿಯೇ ಹೊತ್ತು ಹೋಗುವುದು. ಇಲ್ಲವೆ, "ತಿನ್ನುತ್ತ ತಿನ್ನುತ್ತ ಒಗ್ಗಿಕೊಳ್ಳುವುದು" ಎಂದು ಅದೇ ಪದಾರ್ಥವನ್ನು ಮಗುವಿಗೆ ಬಲವಂತವಾಗಿ ತಿನ್ನಿಸುವರು. ಎರಡೂ ಕೂಡದು. ಅಡ್ರಿನಲಿನ್ ಎಂಬ ಚುಚ್ಚುಮದ್ದೇ ಆಗ ಪ್ರಾಣವನ್ನುಳಿಸತಕ್ಕದ್ದಾದ್ದರಿಂದ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸ್ವಲ್ಪಸ್ವಲ್ಪವಾಗಿ ಒಗ್ಗಿಸುವ ಚಿಕಿತ್ಸೆಯೊಂದು ಇದೆಯೆಂಬುದು ನಿಜ. ಅದನ್ನು ತಜ್ಞವೈದ್ಯರು ತಮ್ಮ ಕಣ್ಣೆದುರಿನಲ್ಲಿಯೇ ಆರಂಭಿಸಿ ನಡೆಸುವರೇ ಹೊರತು ಅಡಿಗೆಮನೆಯಲ್ಲಿ ಮಾಡತಕ್ಕದ್ದಲ್ಲ. ಶಾಲೆಗಳಲ್ಲಿ ಮಧ್ಯಾಹ್ನದ ಊಟ ನಡೆಯುತ್ತಿರುವುದರಿಂದ, ಯಾವ ಮಗುವಿಗೆ ಯಾವುದು ಒಗ್ಗದೆಂಬುದನ್ನು ಉಪಾಧ್ಯಾಯರೂ ಅಡಿಗೆಯವರೂ ತಿಳಿದಿರುವಂತೆ ಮಾಡುವುದು ಊರಿನ ಮುಖಂಡರಿಂದ ಸುಲಭವಾಗಿ ಆಗುವ ಕೆಲಸ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಬೆಂಗಳೂರು ಮತ್ತು ಮೈಸೂರುಗಳಲ್ಲಿ 11,000ಕ್ಕೂ ಮೇಲ್ಪಟ್ಟ ವಯಸ್ಕರನ್ನು ವಿಚಾರಿಸಿ ನಡೆಸಿದ ಒಂದು ದೊಡ್ಡ ಸಮೀಕ್ಷೆ 2016ರಲ್ಲಿ ಪ್ರಕಟವಾಯಿತು. ರಕ್ತಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಸಂವೇದನೆ ತೋರಿಬಂದವರು ನೂರಕ್ಕೆ 26ರಷ್ಟು. ನಿಜವಾಗಿ ತೊಂದರೆಯೂ ಸೇರಿ ಅಲರ್ಜಿಯೆಂದು ಭಾವಿಸಬಹುದಾದವರು ನೂರಕ್ಕೆ 1ಕ್ಕಿಂತ ತುಸು ಹೆಚ್ಚು. ಇವೆರಡು ಸಂಖ್ಯೆಗಳ ನಡುವಣ ಅಂತರವನ್ನು ಬುದ್ಧಿವಂತರಾದವರು ಚೆನ್ನಾಗಿ ಗಮನಿಸಬೇಕು. ರಕ್ತದಲ್ಲಿ ಕಂಡದ್ದೆಲ್ಲ ವ್ಯಾಧಿಯಲ್ಲ. ಪಟ್ಟಣದಲ್ಲಿ ಹಣ ಕೊಟ್ಟು ಪರೀಕ್ಷೆ ಮಾಡಿಸಿ, ಇಪ್ಪತ್ತು ಪದಾರ್ಥಗಳ ಪಟ್ಟಿಯನ್ನು ಹಿಡಿದು ಬಂದು, ತಿಂದು ಚೆನ್ನಾಗಿಯೇ ಇದ್ದ ಮಗುವಿಗೆ ಹಾಲು, ಬೇಳೆ, ತೆಂಗು ಎಲ್ಲವನ್ನೂ ನಿಲ್ಲಿಸಿ ಅದನ್ನು ಸೊರಗಿಸುವುದು ಹೊಸಕಾಲದ ನಂಜು ಎನ್ನಬೇಕು.

ತೆಂಗಿಗೂ ಇಂಥದೇ ಒಂದು ಅಪವಾದ ಬಹುಕಾಲ ಅಂಟಿಕೊಂಡಿತ್ತು. ಅಮೆರಿಕಾ ಸಂಯುಕ್ತ ಸಂಸ್ಥಾನವು 2004ರಲ್ಲಿ ಒಂದು ಶಾಸನವನ್ನು ಮಾಡಿ, ಅಲರ್ಜಿಯನ್ನುಂಟುಮಾಡುವ ಎಂಟು ಮುಖ್ಯ ಆಹಾರಗಳ ಹೆಸರನ್ನು ಡಬ್ಬಿಗಳ ಮೇಲೆ ಸ್ಪಷ್ಟವಾಗಿ ಮುದ್ರಿಸತಕ್ಕದ್ದೆಂದು ವಿಧಿಸಿತು. ಆ ಶಾಸನವು 2006ರಲ್ಲಿ ಜಾರಿಗೆ ಬಂದಿತು. ಎಂಟರಲ್ಲಿ "ಮರದ ಬೀಜಗಳು" ಎಂಬುದೊಂದು ವರ್ಗ. ಅಕ್ರೋಟು, ಬಾದಾಮಿ, ಗೋಡಂಬಿಗಳ ಜೊತೆಗೆ ಆ ದೇಶದ ಆಹಾರ ಮತ್ತು ಔಷಧ ಆಡಳಿತವು ತೆಂಗನ್ನೂ ಅದರಲ್ಲಿ ಸೇರಿಸಿತು. ಇಂಗ್ಲಿಷಿನಲ್ಲಿ ತೆಂಗಿನ ಹೆಸರಿನ ಕೊನೆಗೆ ಬೀಜವೆಂಬ ಅರ್ಥದ ಶಬ್ದವಿರುವುದನ್ನು ಬಿಟ್ಟರೆ ಅವುಗಳಿಗೆ ಹತ್ತಿರದ ನೆಂಟಸ್ತನವೇ ಇಲ್ಲ. ಗೋಡಂಬಿ ಮಾವಿನ ಕುಲದ್ದು. ಬಾದಾಮಿ ಗುಲಾಬಿಯ ಕುಲದ್ದು. ತೆಂಗು ಅಡಕೆ, ಈಚಲು, ತಾಳೆಗಳ ಕುಲಕ್ಕೆ ಸೇರಿದ್ದು. ತೆಂಗಿಗೆ ಅಲರ್ಜಿಯುಂಟಾಗುವುದು ಅಪರೂಪ. ಮರದ ಬೀಜಗಳು ಒಗ್ಗದವರಲ್ಲಿ ಬಹುಮಂದಿ ತೆಂಗನ್ನು ಸುಖವಾಗಿ ತಿನ್ನಬಲ್ಲರು. ಆದರೂ ಕೊಬ್ಬರಿ ಪುಡಿಯ ಪೊಟ್ಟಣದ ಮೇಲೆ "ಮರದ ಬೀಜವುಳ್ಳದ್ದು" ಎಂಬ ಎಚ್ಚರಿಕೆಯನ್ನು ಓದಿದ ತಾಯಿಯೊಬ್ಬಳು ಅದನ್ನು ಮುಟ್ಟದೆ ಮುಂದೆ ಹೋಗುವುದು ಸಹಜವಲ್ಲವೆ? ಕೊನೆಗೆ 2025ರ ಜನವರಿಯಲ್ಲಿ ಆ ಆಡಳಿತವು ತೆಂಗನ್ನು ಆ ಪಟ್ಟಿಯಿಂದ ತೆಗೆದುಹಾಕಿತು. ಹತ್ತೊಂಬತ್ತು ವರ್ಷಗಳ ಬಳಿಕ ಸಸ್ಯಶಾಸ್ತ್ರಕ್ಕೂ ವೈದ್ಯರ ಅನುಭವಕ್ಕೂ ಮನ್ನಣೆ ದೊರೆತಂತಾಯಿತು.

ಈ ಸುದ್ದಿಯನ್ನು ಕೇಳಿ, "ತೆಂಗು ಯಾರಿಗೂ ಏನೂ ಮಾಡದು" ಎಂದು ಪೊಟ್ಟಣಗಳ ಮೇಲೆ ಅಚ್ಚುಹಾಕಿಸುವ ಆಸೆ ಕೆಲವರಿಗೆ ಹುಟ್ಟಬಹುದು. ಅದು ಸುಳ್ಳಾಗುವುದು. ತಿರುಳಿನಲ್ಲಿ ಮೊಳಕೆಯ ಪೋಷಣೆಗೆಂದು ಮರವು ಕೂಡಿಟ್ಟ ಸಸಾರಜನಕಗಳಿವೆ. ಅವುಗಳಿಗೆ ತೀವ್ರವಾದ ಅಲರ್ಜಿಯುಳ್ಳವರು ವಿರಳವಾಗಿಯಾದರೂ ಇರುವರು, ಮತ್ತು ಬೇರೆ ಬೀಜಗಳ ಸಸಾರಜನಕಗಳೊಡನೆ ಇವುಗಳಿಗೆ ಅಲ್ಪಸ್ವಲ್ಪ ಹೋಲಿಕೆಯೂ ಉಂಟು. ಸಣ್ಣ ಕಾರ್ಖಾನೆಗಳವರು ಗೋಡಂಬಿಯನ್ನು ಅರೆದ ಯಂತ್ರದಲ್ಲಿಯೇ ಕೊಬ್ಬರಿಯನ್ನೂ ಅರೆದರೆ ಈ ಹೊಸ ಅನುಕೂಲವೆಲ್ಲ ವ್ಯರ್ಥ. ಬಿಳುಪಿಗಾಗಿ ಗಂಧಕದ ಹೊಗೆ ಹಾಕುವವರೂ ಎಚ್ಚರವಾಗಿರಬೇಕು. ಭಾರತದ 2020ರ ಲೇಬಲು ನಿಬಂಧನೆಗಳಂತೆ ಕಿಲೋ ಒಂದಕ್ಕೆ 10 ಮಿಲಿಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟು ಸಲ್ಫೈಟು ಇದ್ದಲ್ಲಿ ಅದನ್ನು ಅಲರ್ಜಿಯ ಪದಾರ್ಥಗಳ ಸಾಲಿನಲ್ಲಿ ತಿಳಿಸತಕ್ಕದ್ದು; ಉಬ್ಬಸದ ರೋಗಿಗಳಲ್ಲಿ ಕೆಲವರಿಗೆ ಅದು ಆಗದು.

ಕೊನೆಯದಾಗಿ ಬೂಷ್ಟು. ಇದನ್ನು ನಂಜೆಂದು ಕರೆಯುವುದು ಮೇಲಿನ ಯಾವುದಕ್ಕಿಂತಲೂ ಹೆಚ್ಚು ಸರಿಯಾದದ್ದು, ಏಕೆಂದರೆ ಇದು ಅಲರ್ಜಿಯಲ್ಲ, ವಿಷವೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತುವು. ಅವಕ್ಕೆ ಹಾಕಿದ್ದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದಿದ್ದ ಹಸುರು ಹಳದಿ ಬೂಷ್ಟಿನಿಂದ ಹುಟ್ಟಿದ ಅಫ್ಲಟಾಕ್ಸಿನ್ ಎಂಬ ವಿಷ ಅದಕ್ಕೆ ಕಾರಣವೆಂದು ಆಮೇಲೆ ಗೊತ್ತಾಯಿತು. ಅದೇ ಬೂಷ್ಟು ಸರಿಯಾಗಿ ಒಣಗದ ಕೊಬ್ಬರಿಯಲ್ಲಿಯೂ ಬೆಳೆಯಬಲ್ಲುದು. ಅಲರ್ಜಿಯಾದರೆ ಒಬ್ಬಿಬ್ಬರಿಗೆ ಕೂಡಲೆ ತೋರುವುದು. ಈ ವಿಷ ತಿಂದವರೆಲ್ಲರ ಯಕೃತ್ತನ್ನೂ ಸದ್ದಿಲ್ಲದೆ ವರ್ಷಗಟ್ಟಲೆ ಕೆಡಿಸುವುದು. ಅಡಿಗೆಯ ಬಿಸಿಗೆ ಅದು ನಾಶವಾಗುವುದಿಲ್ಲ. ಬೂಷ್ಟನ್ನು ಬಟ್ಟೆಯಿಂದ ಒರೆಸಿ ಎಣ್ಣೆ ಸವರಿ ಚೀಲದ ಮಧ್ಯಕ್ಕೆ ಸೇರಿಸಿದರೆ ಕಣ್ಣಿಗೆ ಮರೆಯಾಗುವುದೇ ಹೊರತು ವಿಷ ಹೋಗದು.

ಉಂಡೆಕೊಬ್ಬರಿಯ ಪದ್ಧತಿಯು ಈ ವಿಷಯದಲ್ಲಿ ಹಿಂದಿನವರ ಜಾಣತನಕ್ಕೆ ಸಾಕ್ಷಿಯಾಗಿದೆ. ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಬಿಡುವುದರಿಂದ, ನೀರು ತಾನಾಗಿ ಇಂಗಿ, ಕರಟದ ಕೋಟೆಯೊಳಗೆ ಬೂಷ್ಟಿನ ಬೀಜಕ್ಕೆ ಪ್ರವೇಶವಿಲ್ಲದೆ ತಿರುಳು ಒಣಗುವುದು. ಕೆಡುವುದೆಲ್ಲ ಅವಸರದಿಂದ. ಎಳೆಗಾಯಿ, ಕೆಡವುವಾಗ ಬಿರುಕುಬಿಟ್ಟ ಕಾಯಿ, ಸೋರುವ ಮಾಡಿನ ಕೆಳಗಿನ ಕಾಯಿ ಇವನ್ನು ಮೊದಲೇ ಬೇರ್ಪಡಿಸಬೇಕು. ಅಲುಗಿಸಿದಾಗ ಒಳಗೆ ಗಿಟುಕು ಸದ್ದು ಮಾಡುವ ತನಕ ಸುಲಿಯಬಾರದು. ಒಡೆದು ಒಣಗಿಸಿದ ಕೊಬ್ಬರಿಯಲ್ಲಿ ನೂರಕ್ಕೆ 6 ಭಾಗಕ್ಕಿಂತ ಹೆಚ್ಚು ತೇವವಿರದಂತೆ ನೋಡಿಕೊಂಡು, ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಜೋಡಿಸತಕ್ಕದ್ದು. ಬೂಷ್ಟು ಹತ್ತಿದ ಕೊಬ್ಬರಿಯನ್ನು ಗಾಣಕ್ಕೆ ಹಾಕಿದರೆ ವಿಷದ ಬಹುಭಾಗ ಹಿಂಡಿಯಲ್ಲಿ ಉಳಿಯುವುದು; ಆ ಹಿಂಡಿಯನ್ನು ಕರೆಯುವ ಹಸುವಿಗೆ ಇಟ್ಟರೆ ಅದರ ಒಂದು ಅಂಶ ಹಾಲಿನ ಮೂಲಕ ಅದೇ ಮನೆಯ ಕೂಸಿನ ಬಟ್ಟಲಿಗೆ ಬರುವುದು. ಅಂಥ ಕೊಬ್ಬರಿಯನ್ನು ಗಾಣಕ್ಕೂ ಕಳುಹಿಸದೆ, ಹಿಂಡಿಯ ರಾಶಿಗೂ ಸೇರಿಸದೆ ಒಲೆಗೆ ಹಾಕುವುದೊಂದೇ ದಾರಿ; ಚೀಲವೊಂದರಲ್ಲಿ ಹೀಗೆ ನಷ್ಟವಾಗುವ ಕೆಲವು ಗಿಟುಕುಗಳ ಬೆಲೆಯನ್ನು ಯಾವ ತೋಟದ ಒಡೆಯನೂ ತಾಳಬಲ್ಲನು.